ಮೈಸೂರು ಪೇಟೆಯ ಹಳೆ ಕಟ್ಟಡ ನೋಡುವಾಗ ತಲೆ ಮೇಲೆತ್ತಿ

ಚಾಮರಾಜ ವೃತ್ತದಿಂದ ಶುರು ಮಾಡಿ, ಬೆಳಗ್ಗೆ ಏಳರೊಳಗೆ. ಆಮೇಲೆ ಬಸ್ಸು-ಆಟೋಗಳ ನಡುವೆ ನಿಂತು ನೋಡುವುದು ಕಷ್ಟ. ಪಕ್ಕದಲ್ಲೇ ದೊಡ್ಡ ಗಡಿಯಾರ: ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ 1927ರಲ್ಲಿ ಕಟ್ಟಿದ್ದು, 75 ಅಡಿ. ಮುಖದ ಮೇಲಿನ ಅಂಕಿಗಳು ಕನ್ನಡದವು. ಎಷ್ಟೋ ಜನ ಇದನ್ನು ಗಮನಿಸದೆ ಟೈಮ್ ನೋಡಿಕೊಂಡು ಹೋಗಿಬಿಡುತ್ತಾರೆ!

ಕೆ.ಆರ್. ವೃತ್ತ ದಾಟಿ ಚಿಕ್ಕ ಗಡಿಯಾರದತ್ತ ಬಂದರೆ ದೇವರಾಜ ಮಾರುಕಟ್ಟೆ, ಲ್ಯಾನ್ಸ್‌ಡೌನ್ ಕಟ್ಟಡ. ಲ್ಯಾನ್ಸ್‌ಡೌನ್‌ನ ಒಂದು ಭಾಗ 2012ರಲ್ಲಿ ಕುಸಿದು ನಾಲ್ವರು ಸತ್ತರು. 2016ರಲ್ಲಿ ಮಾರುಕಟ್ಟೆಯ ಒಂದು ಭಾಗವೂ ಬಿತ್ತು.

ಆ ಕಾಲದ ಕಟ್ಟಡಗಳಲ್ಲಿ ಮದ್ರಾಸ್ ತಾರಸಿ ಸಾಮಾನ್ಯ. ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ, ಸುಣ್ಣದ ಗಾರೆಯಲ್ಲಿ ಜೋಡಿಸುತ್ತಾರೆ. ಅದರ ಮೇಲೆ ಇಟ್ಟಿಗೆ ಚೂರು-ಸುಣ್ಣದ ಹಾಸು, ದಿನಗಟ್ಟಲೆ ಮರದ ಕೊಡತಿಯಲ್ಲಿ ಬಡಿದು ಗಟ್ಟಿ ಮಾಡಿದ್ದು. ನೀರು ಹೋಗುವ ಕೊಳವೆಯಲ್ಲಿ ಎಲೆ ಕಟ್ಟಿಕೊಂಡರೆ ಸಾಕು: ತಾರಸಿಯಲ್ಲಿ ನಿಂತ ನೀರು ಗೋಡೆಯೊಳಗೆ ಸೇರಿದ ತೊಲೆಯ ತುದಿಗೆ ಇಳಿಯುತ್ತದೆ. ಕೊಳೆಯುವುದು ಆ ತುದಿಯೇ, ಹೊರಗೆ ಕಾಣುವ ಮಧ್ಯಭಾಗ ಗಟ್ಟಿಮುಟ್ಟಾಗಿಯೇ ಇರುತ್ತದೆ. ಅದಕ್ಕೇ ಕುಸಿತ ದಿಢೀರ್ ಅನ್ನಿಸುವುದು.

ಸಿಮೆಂಟ್ ತೇಪೆ ಇನ್ನೂ ಕೆಟ್ಟದ್ದು. ಸುಣ್ಣದ ಗೋಡೆ ತೇವ ಹೀರಿ, ಮತ್ತೆ ಹೊರಗೆ ಬಿಡುತ್ತದೆ. ಸಿಮೆಂಟ್ ಅದನ್ನು ಒಳಗೇ ಕೂಡಿಹಾಕಿ, ಕೊನೆಗೆ ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡೇ ಉದುರುತ್ತದೆ. ಬಿರುಕಿನಲ್ಲಿ ಅರಳಿ ಸಸಿ ಕಂಡರೆ ಮೇಲಷ್ಟೇ ಕತ್ತರಿಸಬೇಡಿ, ಬೇರು ಉಳಿದರೆ ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ.