ನಾರು ಬರದ ಕಾಲು

"ದಿನಾ ಇಷ್ಟೆಲ್ಲಾ ಕೆಟ್ಟ ಸುದ್ದಿ ಓದ್ತೀರಿ. ಆದ್ರೂ ಜಗತ್ತು ಸುಧಾರಿಸ್ತದ ಅಂತೀರಿ. ಹ್ಯಾಂಗ್ರೀ?"

ವಿಜಯಪುರದಲ್ಲಿ ಬೆಳಿಗ್ಗೆ ಗೋಳಗುಮ್ಮಟದ ಕಡೆ ವಾಕಿಂಗ್ ಹೊರಟರೆ ಸಾಕು, ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಫೋನು ತೆರೆದರೆ ಯುದ್ಧ, ಅಪಘಾತ, ರೈತರ ಸಾವು, ತಾಳಲಾಗದ ಬಿಸಿಲು. ಅವರು ಕೇಳುವುದರಲ್ಲಿ ತಪ್ಪೇನೂ ಇಲ್ಲ. ನನ್ನ ಉತ್ತರ ನಮ್ಮ ಆಯಿಯ, ಅಂದರೆ ಅಜ್ಜಿಯ, ಎಡಗಾಲಿನ ಹಿಮ್ಮಡಿಯ ಹತ್ತಿರ ಇದ್ದ ಒಂದು ಕಲೆಯಿಂದ ಶುರುವಾಗುತ್ತದೆ.

ಅದು ನಾರುಹುಣ್ಣಿನ ಕಲೆ. ಸಿಂದಗಿ ಕಡೆಯ ನಮ್ಮ ಹಳ್ಳಿಯಲ್ಲಿ ಮೆಟ್ಟಿಲು ಇಳಿದು ನೀರು ತುಂಬುವ ಬಾವಿ ಇತ್ತು. ಬೇಸಿಗೆಯಲ್ಲಿ ನೀರು ತಳ ಹಿಡಿಯುತ್ತಿತ್ತು. ಆ ನೀರಿನಲ್ಲಿ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಜೀವಿ, ಅದರ ಹೊಟ್ಟೆಯಲ್ಲಿ ನಾರುಹುಳದ ಮರಿ. ಕುಡಿದವರಿಗೆ ಸುಮಾರು ಒಂದು ವರ್ಷ ಏನೂ ಗೊತ್ತಾಗುವುದಿಲ್ಲ. ಆಮೇಲೆ ಕಾಲಿನಲ್ಲಿ ಬೊಬ್ಬೆ ಏಳುತ್ತದೆ. ಅದು ಒಡೆದು ಬಿಳಿ ದಾರದಂಥ ಹುಳ ತಲೆ ಹೊರಹಾಕುತ್ತದೆ. ಎರಡು, ಮೂರು ಅಡಿ ಉದ್ದ. ಜಗ್ಗಿದರೆ ಹರಿಯುತ್ತದೆ, ಹರಿದರೆ ಕಾಲು ಬಾತು ಕೀವಾಗುತ್ತದೆ. ಕಡ್ಡಿಗೆ ಸುತ್ತಿ ದಿನಕ್ಕೆ ಇಷ್ಟಿಷ್ಟೇ ತೆಗೆಯಬೇಕು, ವಾರಗಟ್ಟಲೆ. ಉರಿ ತಾಳದೆ ಕಾಲನ್ನು ಬಾವಿಯ ನೀರಿಗೆ ಇಟ್ಟರೆ ಹುಳ ಅಲ್ಲೇ ಮರಿ ಬಿಡುತ್ತದೆ. ಅದೇ ನೀರನ್ನು ಊರು ಮತ್ತೆ ಕುಡಿಯುತ್ತದೆ.

ಮುಂಗಾರು ಬಿತ್ತುವ ಹೊತ್ತಿಗೆ ಸರಿಯಾಗಿ ಆಯಿ ಹಾಸಿಗೆ ಹಿಡಿದಿದ್ದಳಂತೆ. "ಮಳಿ ಬಂದಿತ್ತು, ಕಾಲು ನೆಲಕ್ಕ ಊರಾಕ ಆಗಲಿಲ್ಲ" ಎನ್ನುವಾಗ ಅವಳಿಗೆ ನೋವಿಗಿಂತ ತಪ್ಪಿದ ಬಿತ್ತನೆಯ ಸಂಕಟವೇ ಜಾಸ್ತಿ ಇರುತ್ತಿತ್ತು.

ಈ ರೋಗಕ್ಕೆ ಲಸಿಕೆ ಇಲ್ಲ. ಗುಣ ಮಾಡುವ ಔಷಧಿಯೂ ಇಲ್ಲ. ಆದರೂ ನಮ್ಮ ದೇಶದಿಂದ ಹೋಯಿತು. 1980ರ ದಶಕದಲ್ಲಿ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಇತ್ತು. ನೀರನ್ನು ಬಟ್ಟೆಯಲ್ಲಿ ಸೋಸಿರಿ ಎಂದು ಮನೆಮನೆಗೆ ಹೋಗಿ ಹೇಳಿದರು. ಇಳಿಯುವ ಬಾವಿಗಳನ್ನು ಸೇದುವ ಬಾವಿ ಮಾಡಿದರು, ಬೋರ್‌ವೆಲ್ ಹಾಕಿಸಿದರು, ನೀರಿಗೆ ಮದ್ದು ಬಿಟ್ಟರು. ಕೊನೆಯ ರೋಗಿ ಸಿಕ್ಕಿದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದಲ್ಲಿ ಈ ರೋಗ ಇಲ್ಲ ಎಂದು ಪ್ರಮಾಣಪತ್ರ ಕೊಟ್ಟಿತು.

ಅದರ ಬಗ್ಗೆ ನಮ್ಮ ಊರಿನಲ್ಲಿ ಯಾರೂ ಮಾತಾಡಿದ ನೆನಪು ನನಗಿಲ್ಲ. ಕಾಲಿಗೆ ನಾರು ಬಂದು ನರಳುವವನು ಸುದ್ದಿ. ನಾರು ಬರದೆ ನೆಟ್ಟಗೆ ಹೊಲಕ್ಕೆ ನಡೆದು ಹೋದವನು ಸುದ್ದಿಯಲ್ಲ, ಅಲ್ವಾ? ಅಂಥವರು ದಿನಾ ನಮ್ಮ ಕಣ್ಣೆದುರೇ ಓಡಾಡುತ್ತಾರೆ. ನಾನು ಅವರನ್ನೂ ಲೆಕ್ಕಕ್ಕೆ ಹಿಡಿಯುತ್ತೇನೆ, ಅಷ್ಟೇ.

"ಅದು ಹುಳದ ಮಾತಾಯ್ತು. ಯುದ್ಧಕ್ಕೇನು ಹೇಳ್ತೀರಿ?" ಎಂದು ಕೆಲವರು ಬಿಡುವುದಿಲ್ಲ. ಯುದ್ಧಕ್ಕೆ ನನ್ನ ಬಳಿ ಉತ್ತರವಿಲ್ಲ. ಸುಮ್ನೆ ಎಲ್ಲಾ ಸರಿಹೋಗುತ್ತದೆ ಎಂದು ನಾನು ಹೇಳುವವನಲ್ಲ. ಆಲಮಟ್ಟಿಯ ನೀರು ನಮ್ಮ ಕಡೆ ಎಷ್ಟೋ ಹೊಲಕ್ಕೆ ಜೀವ ಕೊಟ್ಟಿತು. ಅದೇ ನೀರಿನಲ್ಲಿ ಹಳೆಯ ಬಾಗಲಕೋಟೆಯ ಎಷ್ಟೋ ಮನೆಗಳು ಮುಳುಗಿದವು. ಅದನ್ನು ಮರೆತು ಮಾತಾಡುವುದು ನನಗೆ ಆಗುವುದಿಲ್ಲ.

ನಾರುಹುಣ್ಣೂ ಹೇಳಿದ ಗಡುವಿಗೆ ಹೋಗಲಿಲ್ಲ. 1995ರೊಳಗೆ ಜಗತ್ತಿನಿಂದಲೇ ಓಡಿಸುತ್ತೇವೆ ಎಂದಿದ್ದರು, ಈಗ ಗುರಿ 2030. ಆಫ್ರಿಕಾದ ಚಾಡ್ ದೇಶದಲ್ಲಿ ಅದು ನಾಯಿಗಳಿಗೂ ಅಂಟಿಕೊಂಡು ಕೆಲಸ ಕಷ್ಟವಾಗಿದೆ. ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ 1986ರಿಂದ ಈ ಹುಳದ ಬೆನ್ನು ಹತ್ತಿದ್ದರು. ಕೊನೆಯ ನಾರುಹುಳ ತಮಗಿಂತ ಮೊದಲು ಸಾಯಬೇಕು ಎಂಬುದು ಅವರ ಆಸೆ. 2024ರ ಡಿಸೆಂಬರಿನಲ್ಲಿ, 100ನೇ ವಯಸ್ಸಿನಲ್ಲಿ, ಅವರೇ ಮೊದಲು ಹೋದರು. ಆದರೆ ಅವರು ಕೈಹಾಕಿದಾಗ ವರ್ಷಕ್ಕೆ ಸುಮಾರು 35 ಲಕ್ಷ ಜನರಿಗೆ ಬರುತ್ತಿದ್ದ ರೋಗ 2023ರಲ್ಲಿ ಇಡೀ ಜಗತ್ತಿನಲ್ಲಿ 14 ಜನರಿಗೆ ಬಂತು. ಹದಿನಾಲ್ಕೇ ಜನ! ಸುದ್ದಿ ನೋಡಿ ನಿದ್ದೆ ಬಾರದ ರಾತ್ರಿ ಈ ಸಂಖ್ಯೆ ನೆನಪು ಮಾಡಿಕೊಳ್ಳುತ್ತೇನೆ.

ಆಯಿ ಈಗಿಲ್ಲ. ಮನೆಗೆ ನಳ ಬಂದಿದೆ. ಆದರೂ ಅವ್ವ ಕೊಡದ ಬಾಯಿಗೆ ಬಿಳಿ ಧೋತರದ ತುಂಡು ಕಟ್ಟಿಯೇ ನೀರು ಹಿಡಿಯುತ್ತಾಳೆ. ಹೋದ ವಾರ ನನ್ನ ಮಗಳು ಯಾಕೆ ಎಂದು ಕೇಳಿದಳು. ಅವ್ವ ನಾರಿನ ಕಥೆ ಹೇಳತೊಡಗಿದಳು. ಮಗಳು ಅರ್ಧಕ್ಕೇ ತಡೆದು, "ಕಾಲೊಳಗಿಂದ ಹುಳಾನಾ? ಸುಳ್ಳು ಹೇಳಬ್ಯಾಡ ಆಯಿ" ಎಂದು ನಕ್ಕು ಆಡಲು ಓಡಿದಳು. ಅವ್ವ ಬಟ್ಟೆ ಹಿಂಡಿ ತಂತಿಯ ಮೇಲೆ ಒಣಹಾಕಿದಳು.