ಬಾಣಂತಿ ರಾಣಿ

ಮುಧೋಳ ಸೀಮೆಯಲ್ಲಿ ನಾಯಿ ನೋಡುವ ಡಾಕ್ಟರಿಗೆ ಹರಿದ ತೊಗಲು ಹೊಲಿಯುವ ಕೆಲಸ ತಪ್ಪುವುದಿಲ್ಲ. ಮುಧೋಳ ನಾಯಿಯ ಮೈಮೇಲೆ ಕೊಬ್ಬಿಲ್ಲ, ಚರ್ಮ ತೆಳು. ಓಡುವ ರಭಸಕ್ಕೆ ಮುಳ್ಳುತಂತಿ ತಾಗಿದರೆ ಗೇಣುದ್ದ ಸೀಳುತ್ತದೆ. "ತಂತಿ ಹತ್ತೇತ್ರಿ ಸಾಹೇಬ್ರ" ಅನ್ನುತ್ತಾರೆ. ಯಾವುದರ ಬೆನ್ನು ಹತ್ತಿತ್ತು ಅಂದರೆ ಮಾತಿಲ್ಲ. ಮೊಲದ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧವೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಅರ್ಧ ಕತೆ ಅವರು ಹೇಳುತ್ತಾರೆ, ಉಳಿದದ್ದನ್ನು ನಾಯಿಯ ಮೈಯಲ್ಲೇ ಓದಿಕೊಳ್ಳಬೇಕು.

ಒಂದು ಸಂಜೆ ಘಟಪ್ರಭೆಯ ದಂಡೆಯ ಊರಿಂದ ಫೋನು. "ನಮ್ಮ ರಾಣಿಗೆ ಹುಚ್ಚ ಹಿಡದೈತ್ರಿ, ಲಗೂನ ಬರ್ರಿ." ಹೋಗಿ ನೋಡಿದರೆ ಕಬ್ಬಿನ ಹೊಲದ ಮನೆ ಮುಂದೆ ನಾಲ್ಕಾರು ಜನ ಬಡಿಗೆ ಹಿಡಿದು ನಿಂತಿದ್ದರು. ಗೂಟಕ್ಕೆ ಕಟ್ಟಿದ ನಾಯಿ ಗಡಗಡ ನಡುಗುತ್ತಿತ್ತು. ಬಾಯಲ್ಲಿ ಜೊಲ್ಲು, ಕಾಲು ಸೆಟೆದಿವೆ, ಏದುಸಿರು. ಅವರ ಹೆದರಿಕೆ ಸುಳ್ಳೇನಲ್ಲ; ರೇಬೀಸ್ ಲಕ್ಷಣ ಕಂಡ ಮೇಲೆ ನಾಯಿಗೂ ಔಷಧವಿಲ್ಲ, ಮನುಷ್ಯನಿಗೂ ಇಲ್ಲವೆಂದೇ ಹೇಳಬೇಕು. ನಾನು ಮುಂಚೆಯೇ ಲಸಿಕೆ ಹಾಕಿಸಿಕೊಂಡವನಾದರೂ ಕೈಗವಸಿಲ್ಲದೆ ಹತ್ತಿರ ಹೋಗುವುದಿಲ್ಲ.

ಅಷ್ಟರಲ್ಲಿ ಒಳಗಿಂದ ಅಜ್ಜಿ ಬುಟ್ಟಿ ಹೊತ್ತು ಬಂದರು. ಬುಟ್ಟಿ ತುಂಬ ಮರಿ.

"ಮರಿ ಹಾಕಿ ಎಷ್ಟ ದಿನಾ ಆತು ಅಮ್ಮಾ?"

"ಮೂರ ವಾರ ಆತ್ರಿ. ಒಂಬತ್ತ ಅದಾವು. ಬಾಣಂತಿನ್ನ ಬಡೀತೀವಿ ಅಂತ ನಿಂತಾರ ನೋಡ್ರಿ ಇವ್ರು."

ಫೋನಿನಲ್ಲಿ ಯಾರೂ ಹೇಳದಿದ್ದ ಮಾತು ಅದು. ಯಾವ ನಾಯಿಯೂ ಕಚ್ಚಿಲ್ಲ, ಲಸಿಕೆ ವರ್ಷವರ್ಷ ಹಾಕಿಸಿದೆ, ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತದೆ. ಥರ್ಮಾಮೀಟರ್ 106 ಡಿಗ್ರಿ ತೋರಿಸಿತು. ನಾಯಿಗೆ 102ರ ಆಸುಪಾಸು ಇರಬೇಕು. ಒಂಬತ್ತು ಮರಿಗಳ ಹಾಲಿಗೆ ರಕ್ತದ ಕ್ಯಾಲ್ಸಿಯಂ ಹರಿದುಹೋಗಿತ್ತು. ಕರು ಹಾಕಿದ ಆಕಳು ನೆಲ ಹಿಡಿಯುತ್ತದಲ್ಲ, ಅದೇ ಕೊರತೆ. ಆದರೆ ಆಕಳು ತಣ್ಣಗಾಗಿ ಬೀಳುತ್ತದೆ, ನಾಯಿ ಸೆಟೆದು ಕಾಯುತ್ತದೆ.

ಮಾಲೀಕ ಕುತ್ತಿಗೆಗೆ ಟವೆಲ್ ಸುತ್ತಿ ಹಿಡಿದ. ಬಾಯಿ ಕಟ್ಟಲಿಲ್ಲ, ಏದುಸಿರಿಂದಲೇ ಮೈ ತಣಿಯಬೇಕಲ್ಲ. ಮುಂಗಾಲಿನ ರಕ್ತನಾಳಕ್ಕೆ ಕ್ಯಾಲ್ಸಿಯಂ ಹನಿಹನಿಯಾಗಿ ಬಿಟ್ಟೆ. ಅವಸರ ಮಾಡಿದರೆ ಎದೆಬಡಿತವೇ ನಿಲ್ಲಬಹುದು. ಒಂದು ಕೈಯಲ್ಲಿ ಸಿರಿಂಜು, ಕಿವಿಯಲ್ಲಿ ಸ್ಟೆತಸ್ಕೋಪು. ಲಯ ತಪ್ಪಿದಾಗ ನಿಲ್ಲಿಸಿ, ಸರಿಹೋದ ಮೇಲೆ ಮತ್ತೆ ಹಾಕಿದೆ. ಮೊದಲು ದವಡೆ ಸಡಿಲಾಯಿತು, ಆಮೇಲೆ ತೊಡೆ. ಅರ್ಧ ತಾಸಿಗೆ ರಾಣಿ ಎದ್ದು ಮೈ ಕೊಡವಿ ನೀರು ಕುಡಿದಳು. ಬಡಿಗೆಗಳು ಯಾವಾಗ ಮಾಯವಾದವೋ ನಾನು ನೋಡಲಿಲ್ಲ.

ಒಂದು ದಿನ ಮರಿಗಳನ್ನು ತಾಯಿಗೆ ಬಿಡಬೇಡಿ, ಆಮೇಲೂ ಮೇಲುಹಾಲು, ತೆಳು ಗಂಜಿ ರೂಢಿ ಮಾಡಿ ಅಂದೆ. ಮಾಲೀಕ ತಲೆ ಕೆರೆದುಕೊಂಡ. ಮರಿಗಳಿಗೆ ಮುಂಗಡ ಇಸಿದುಕೊಂಡಾಗಿತ್ತಂತೆ, ನಾಳೆಯೇ ಒಯ್ಯಲು ಬರುತ್ತಾರಂತೆ. ಎಂಟು ವಾರ ತುಂಬುವ ಮೊದಲು ತಾಯಿಯಿಂದ ಅಗಲಿಸಬಾರದು ಅಂತ ನಾನು ಹೇಳಿದ್ದಕ್ಕಿಂತ ಅಜ್ಜಿ ಬೈದದ್ದು ಹೆಚ್ಚು ನಾಟಿತು: "ರೊಕ್ಕಾ ತಿರುಗಿ ಕೊಡ್ತೀಯೋ, ಇಲ್ಲಾ ನಾನ ಕೊಟ್ ಬರ್ಲ್ಯೊ?"

ಬ್ಯಾಗು ಮುಚ್ಚುವಾಗ ಅವರೇ ಅಡ್ಡ ನಿಂತರು. "ಹೆಂಗೂ ಬಂದೀರಿ, ಆ ಎಮ್ಮಿ ಕಾಲನೂ ಒಮ್ಮಿ ನೋಡಿ ಹೋಗ್ರಿ."