"ಮೂರನೇ ಎಪಿಸೋಡಲ್ಲಿ ಏನೂ ಆಗಲ್ವಲ್ಲ?" ಆಗತ್ತೆ ಸ್ವಾಮಿ, ಕೂತು ನೋಡಿ

ಇನ್ಮೇಲೆ ಯಾರು ಕೇಳಿದ್ರೂ ಇದನ್ನೇ ಕಳಿಸ್ತೀನಿ, ಹೇಳಿ ಹೇಳಿ ಬಾಯಿ ನೋಯ್ತಿದೆ. 2025ರ ಮಾರ್ಚಲ್ಲಿ ನೆಟ್‌ಫ್ಲಿಕ್ಸಿಗೆ ಬಂದ ಬ್ರಿಟಿಷ್ ಸೀರೀಸ್ 'ಅಡೋಲೆಸೆನ್ಸ್' ನೋಡಿ ಅಂತ ಕಂಡಕಂಡವರಿಗೆಲ್ಲ ಹೇಳಿದ್ದು ನಿಜ, ಅದರಲ್ಲೂ ಮೂರನೇ ಎಪಿಸೋಡ್ ಬಿಡಬೇಡಿ ಅಂದಿದ್ದೂ ನಿಜ. ನೋಡಿ ಬಂದವರದ್ದೆಲ್ಲ ಒಂದೇ ಪ್ರಶ್ನೆ: ಒಂದ್ ರೂಮು, ಇಬ್ರು ಕೂತು ಮಾತಾಡ್ತಾರೆ, ಅದ್ರಲ್ಲಿ ಅಂಥಾದ್ದೇನಿದೆ?

ನೋಡದವರಿಗೆ ಚುಟುಕಾಗಿ ಹೇಳ್ಬಿಡ್ತೀನಿ, ಕಥೆ ಬಿಟ್ಕೊಟ್ಟೆ ಅಂತ ಆಮೇಲೆ ಬೈಬೇಡಿ. ಇಂಗ್ಲೆಂಡಿನ ಒಂದೂರು. ಜೇಮಿ ಅನ್ನೋ 13 ವರ್ಷದ ಹುಡುಗ ತನ್ನ ಸ್ಕೂಲಿನ ಕೇಟಿ ಅನ್ನೋ ಹುಡುಗಿಗೆ ಚಾಕು ಹಾಕಿ ಕೊಂದಿದಾನೆ. ಅವನೇ ಮಾಡಿದ್ದು ಅಂತ ಮೊದಲ ಎಪಿಸೋಡಿನ ಕೊನೆಗೇ ಸಿಸಿಟಿವಿಲಿ ತೋರಿಸ್ಬಿಡ್ತಾರೆ. ಒಟ್ಟು ನಾಲ್ಕೇ ಎಪಿಸೋಡು, ಒಂದೊಂದೂ ಒಂದೇ ಶಾಟು, ಮಧ್ಯ ಕಟ್ಟೇ ಇಲ್ಲ. ಮೂರನೇದ್ರಲ್ಲಿ ಏಳು ತಿಂಗಳು ಕಳೆದಿದೆ, ಹುಡುಗನ್ನ ಕೂಡಿ ಹಾಕಿರೋ ಜಾಗಕ್ಕೆ ಬ್ರಯೊನಿ ಅನ್ನೋ ಸೈಕಾಲಜಿಸ್ಟ್ ಬರ್ತಾಳೆ, ಕೋರ್ಟಿನ ವಿಚಾರಣೆಗೆ ಮುಂಚೆ ಅವನ ಬಗ್ಗೆ ರಿಪೋರ್ಟ್ ಬರೆಯೋಕೆ.

ಈ "ಏನೂ ಆಗಲ್ಲ" ಅನ್ನೋ ಮಾತು ನಂಗೆ ತಲೆಗೆ ಹತ್ತಿದ್ದು ಒಂದು ಮದುವೆ ಊಟದಲ್ಲಿ. ಪಕ್ಕದ ಎಲೆಯಿಂದ ನಮ್ಮ ಭಾವ, "ಏನೋ ನೀನ್ ಹೇಳಿದ್ ಸೀರಿಯಲ್ಲು, ಬರೀ ಮಾತು ಕಣೋ, ಒಂದೂವರೆ ಸ್ಪೀಡಲ್ಲಿ ಓಡಿಸ್ದೆ" ಅಂದ್ರು. ಒಂದೂವರೆ ಸ್ಪೀಡು! ಮೌನದಲ್ಲೇ ಕಥೆ ನಡೆಯೋ ಎಪಿಸೋಡನ್ನ ಓಡಿಸಿ ನೋಡಿ ಏನೂ ಆಗ್ಲಿಲ್ಲ ಅಂತಾರೆ, ಬಡಿಸೋವ್ರು ಬಂದ್ರು ಅಂತ ಸುಮ್ಮನಾದೆ. ಆಗ, ಮನೇಲಿ ಅಡುಗೆಮನೆ ಬಾಗಿಲಲ್ಲಿ ನಿಂತು ಎಪಿಸೋಡನ್ನ ಅರ್ಧಂಬರ್ಧ ನೋಡಿದ್ದ ನಮ್ಮಕ್ಕ ಆ ಕಡೆಯಿಂದ, "ಅಲ್ರೀ, ಅವ್ನು ಕಚ್ಚಿಟ್ಟ ಸ್ಯಾಂಡ್‌ವಿಚ್ಚು ಮುಟ್ಟೋಕೂ ಅವ್ಳಿಗೆ ಆಗ್ಲಿಲ್ವಲ್ಲ ಕೊನೇಲಿ, ಅದ್ ನೋಡ್ಲಿಲ್ವಾ?" ಅಂದ್ಳು. ಭಾವ ಪಾಯಸದ ಕಡೆ ತಿರುಗಿದ್ರು.

ಆಗೋದು ಅದೇ ಸ್ವಾಮಿ. ಬ್ರಯೊನಿ ಬರೋವಾಗ ಅವನಿಗೆ ಹಾಟ್ ಚಾಕೊಲೇಟ್ ತರ್ತಾಳೆ, ಮೇಲೆ ಮಾರ್ಷ್‌ಮೆಲೋ ಹಾಕಿ, ತನ್ನ ಸ್ಯಾಂಡ್‌ವಿಚ್ಚಲ್ಲಿ ಅರ್ಧ ಕೊಡ್ತಾಳೆ. ಹುಡುಗ ತಮಾಷೆ ಮಾಡ್ತಾನೆ, ನಗ್ತಾನೆ, ಆಕಳಿಸ್ತಾನೆ (ಆ ಆಕಳಿಕೆ ಸ್ಕ್ರಿಪ್ಟಲ್ಲಿ ಇರ್ಲಿಲ್ಲ, ನಿಜವಾಗ್ಲೂ ಬಂದಿದ್ದು, ಬೋರ್ ಹೊಡಿಸ್ತಿದೀನಾ ಅಂತ ಬ್ರಯೊನಿ ಪಾತ್ರದ ಎರಿನ್ ಡೊಹರ್ಟಿ ಆ ಕ್ಷಣಕ್ಕೆ ಸೇರಿಸಿದ್ದು), ನಮಗೂ ಪಾಪ ಅನ್ಸತ್ತೆ. ಇದ್ದಕ್ಕಿದ್ದಂಗೆ ಎದ್ದು ಲೋಟ ಬೀಸಿ ಒಗೀತಾನೆ, ಕೂತಿರೋ ಹೆಂಗಸಿನ ಮೇಲೆ ಬಗ್ಗಿ ನಿಲ್ತಾನೆ, ಹದಿಮೂರು ವರ್ಷದವನಿಗೆ ಹೆದರ್ಕೊಂಡ್ಯಲ್ಲ, ನಾಚಿಕೆ ಆಗಲ್ವಾ ಅಂತ ಅಣಕಿಸ್ತಾನೆ. ಮರುಕ್ಷಣ ಮತ್ತೆ ಮಗು. ಹೆದರಿಸಿದ್ರೆ ಏನ್ ಸಿಗತ್ತೆ, ಮುದ್ದುಮಾಡ್ಸ್ಕೊಂಡ್ರೆ ಏನ್ ಸಿಗತ್ತೆ ಅಂತ ಅಳೆದು ನೋಡ್ತಿದಾನೆ ಅಂತ ನನಗನ್ಸಿದ್ದು. ಇದು ಜೇಮಿ ಪಾತ್ರದ ಓವನ್ ಕೂಪರನ ಮೊದಲ ನಟನೆ, ನಾಲ್ಕರಲ್ಲಿ ಮೊದಲು ಶೂಟ್ ಆಗಿದ್ದೂ ಇದೇ ಎಪಿಸೋಡು. ಅದೇ ವರ್ಷ ಸೆಪ್ಟೆಂಬರಲ್ಲಿ 15ನೇ ವಯಸ್ಸಿಗೇ ಅಮೆರಿಕದ ಟಿವಿ ಪ್ರಶಸ್ತಿ ಎಮ್ಮಿ ತಗೊಂಡ.

ಕೊರತೆ ಇಲ್ವಾ? ಇದೆ. ತಾತ, ಅಪ್ಪ, ಗೆಳೆಯರು, ಹುಡುಗೀರು ಎಲ್ಲಾ ಒಂದೇ ಸಿಟ್ಟಿಂಗಲ್ಲಿ ವರಸೆಯಾಗಿ ಈಚೆ ಬರತ್ತೆ, ಅಷ್ಟು ಅಚ್ಚುಕಟ್ಟಾಗಿ ಯಾರೂ ಬಾಯಿ ಬಿಡಲ್ಲ, ಒಳ್ಳೆ ನಾಟಕ ನೋಡಿದಂಗೆ ಇರತ್ತೆ. ಇದೇ ಕೊನೆ ಭೇಟಿ ಅಂತ ಬ್ರಯೊನಿ ಧಿಡೀರ್ ಹೇಳೋದು ಹುಡುಗ ಸಿಡೀಲಿ ಅಂತಲೇ ಬರೆದಿದ್ದು, ಅಷ್ಟು ನಾಜೂಕಾಗಿ ಇಷ್ಟೊತ್ತು ಮಾತಾಡಿದವಳು ಅದನ್ನ ಮೊದ್ಲೇ ಹೇಳಿರ್ತಾಳೆ. ಕಟ್ ಇಲ್ಲದೆ ಇರೋದ್ರಿಂದ ಹೊತ್ತು ಕಳೀಬೇಕು, ಹಂಗಾಗಿ ಮಧ್ಯ ಅವಳನ್ನ ಈಚೆ ಕಳಿಸ್ತಾರೆ. ಆದ್ರೆ ಅಲ್ಲಿ ಒಬ್ಬ ಸಿಬ್ಬಂದಿ ಬೇಡ ಅಂದ್ರೂ ಹತ್ರ ನಿಂತು ಹರಟ್ತಾನೆ ನೋಡಿ, ಒಳಗೊಬ್ಬ, ಹೊರಗೊಬ್ಬ, ಅವಳಿಗೆ ಉಸಿರಾಡೋಕೆ ಜಾಗ ಇಲ್ಲ. ಅದನ್ನ ವೇಸ್ಟ್ ಸೀನ್ ಅನ್ನೋವ್ರ ಜೊತೆ ನಾನು ಮಾತೇ ಆಡಲ್ಲ.

ಇಷ್ಟು ಜನರಲ್ಲಿ ಒಬ್ರೂ ಕೇಳದೆ ಇರೋದು ಒಂದಿದೆ: ಕೇಟಿ ಎಲ್ಲಿ? ಅವಳ ಫೋಟೋ ಒಂದು ಸ್ಕೂಲಲ್ಲೆಲ್ಲ ಹರಿದಾಡಿತ್ತು, ಕುಗ್ಗಿರ್ತಾಳೆ, ಈಗ ಒಪ್ಕೋತಾಳೆ ಅಂತ ಲೆಕ್ಕ ಹಾಕಿ ಜೇಮಿ ಅವಳನ್ನ ಕರೆದ, ಅವಳು ಒಲ್ಲೆ ಅಂದ್ಳು. ಇದೂ ನಮಗೆ ಗೊತ್ತಾಗೋದು ಕೊಂದವನ ಬಾಯಿಂದ. ಬರೆದ ಜಾಕ್ ಥಾರ್ನ್, ಸ್ಟೀಫನ್ ಗ್ರಹಾಂ ಇದನ್ನ ಅರಿಯದೆ ಇಲ್ಲ, ಎಲ್ರೂ ಜೇಮಿನೇ ನೆನಪಿಟ್ಕೋತಾರೆ, ಕೇಟಿನ ಅಲ್ಲ ಅಂತ ಎರಡನೇ ಎಪಿಸೋಡಲ್ಲಿ ಮಿಶಾ ಅನ್ನೋ ಪೊಲೀಸಮ್ಮನ ಕೈಲಿ ಹೇಳ್ಸಿದಾರೆ. ಅದೇ ಎಪಿಸೋಡಿನ ಕೊನೆ ಹಾಡಲ್ಲಿ ಕೇಟಿ ಪಾತ್ರದ ಹುಡುಗಿ ದನಿಯನ್ನೇ ಬಳಸಿದಾರೆ. ಸರಿ, ಗೊತ್ತಿದೆ ಅಂತ ತೋರಿಸ್ಕೊಂಡ್ರು, ಅಷ್ಟಕ್ಕೆ ಕೈ ತೊಳ್ಕೊಂಡ್ರಾ? ಅಪ್ಪ ಅಮ್ಮನಿಗೆ ಅಂತ ನಾಲ್ಕನೇ ಎಪಿಸೋಡ್ ಪೂರ್ತಿ ಇದೆ, ಅದು ಜೇಮಿ ಅಪ್ಪ ಅಮ್ಮನಿಗೆ. ಕೇಟಿ ಮನೆ ಬಾಗಿಲಿಗೆ ಕ್ಯಾಮೆರಾ ಹೋಗೋದೇ ಇಲ್ಲ. ಬ್ರಿಟನ್ನಿನ ಹೈಸ್ಕೂಲುಗಳಲ್ಲಿ ಇದನ್ನ ಪುಕ್ಕಟೆ ತೋರಿಸೋ ಏರ್ಪಾಡಾಯ್ತು, ಪ್ರಧಾನಿ ಸ್ಟಾರ್ಮರೇ ಮೆಚ್ಚಿ ಬೆಂಬಲ ಕೊಟ್ರು. ಆ ಕ್ಲಾಸಲ್ಲಿ ಹುಡುಗೀರೂ ಕೂತಿರ್ತಾರಲ್ಲ, ಅವ್ರೇನ್ ನೋಡ್ಬೇಕು, ಜೇಮಿ ಎಷ್ಟು ಚೆನ್ನಾಗಿ ಆಕಳಿಸ್ತಾನೆ ಅಂತನಾ?